ಹಲ್ಲಿನಿಂದ ಕೇಳುತ್ತಿದ್ದ ಇಂಜಿನಿಯರ್

ಯುದ್ಧಕ್ಕೆ ಹೋಗುವಾಗ ಅವನಿಗೆ ಎರಡು ಕಿವಿಗಳಿದ್ದವು. ವಾಪಸ್ಸು ಬಂದಾಗಲೂ ಎರಡೇ ಇದ್ದವು, ಆದರೆ ಬರೀ ಕನ್ನಡಕ ಸಿಕ್ಕಿಸುವುದಕ್ಕೆ. ಕಾಲೇಜಿನ ಎರಡನೇ ವರ್ಷದಲ್ಲಿ ಪುಸ್ತಕ ಮಡಚಿಟ್ಟು ಸೈನ್ಯ ಸೇರಿದವನನ್ನು ಫಿರಂಗಿ ದಳಕ್ಕೆ ಹಾಕಿದ್ದರು. ಮೂರು ವರ್ಷ ಫಿರಂಗಿಗಳ ಪಕ್ಕದಲ್ಲೇ ನಿಂತ. ಕೊನೆಯ ಚಳಿಗಾಲದಲ್ಲಿ ಹತ್ತು ಮಾರು ದೂರದಲ್ಲಿ ಬಿದ್ದು ಸಿಡಿದ ಗುಂಡು ಅಳಿದುಳಿದದ್ದನ್ನೂ ಮುಗಿಸಿತು. "ಜೀವ ಉಳೀತಲ್ಲಪ್ಪ, ಅಷ್ಟು ಸಾಕು" ಎಂದು ಅಮ್ಮ ಅತ್ತದ್ದು ಅವಳ ತುಟಿ ನೋಡಿ ಅವನಿಗೆ ಗೊತ್ತಾಯಿತು.

ಮತ್ತೆ ಕಾಲೇಜಿಗೆ ಹೋದ. ತನಗಿಂತ ಮೂರ್ನಾಲ್ಕು ವರ್ಷ ಚಿಕ್ಕವರ ನಡುವೆ ಮೊದಲ ಬೆಂಚಿನಲ್ಲಿ ಕೂತು, ಮೇಷ್ಟರ ತುಟಿಗಳಲ್ಲಿ ಕಣ್ಣು ನೆಟ್ಟು ಇಂಜಿನಿಯರಿಂಗ್ ಓದಿದ. ಒಂದು ವಿಷಯದಲ್ಲಿ ಮಾತ್ರ ಡುಮ್ಕಿ ಹೊಡೆದ. ಆ ಮೇಷ್ಟರಿಗೆ ಬಾಯಿ ಮುಚ್ಚುವಷ್ಟು ಮೀಸೆ ಇತ್ತು, ಅವನದೇನು ತಪ್ಪು?

ಹೀಗಿರುವಾಗ ಒಂದು ದಿನ ಪ್ರಯೋಗಾಲಯದಲ್ಲಿ ಎರಡೂ ಕೈ ತುಂಬ ಸಾಮಾನಿದ್ದದ್ದರಿಂದ, ಉದ್ದನೆಯ ಸ್ಕ್ರೂಡ್ರೈವರಿನ ಮರದ ಹಿಡಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಬಗ್ಗಿದ. ಅದರ ತುದಿ ಓಡುತ್ತಿದ್ದ ಮೋಟಾರಿಗೆ ತಾಗಿತು. ಗುಂಯ್! ತಲೆಯೊಳಗೇ ಮೋಟಾರು ಮಾತಾಡಿತು! ಎಷ್ಟೋ ಕಾಲದ ಮೇಲೆ ಕೇಳಿದ ಮೊದಲ ಸದ್ದು. ಸಾಮಾನೆಲ್ಲ ನೆಲಕ್ಕೆ ಬಿಟ್ಟು ಕುಣಿದುಬಿಟ್ಟ. ಅಂದಿನಿಂದ ಕಂಡಕಂಡ ಯಂತ್ರಕ್ಕೆಲ್ಲ ಆ ಸ್ಕ್ರೂಡ್ರೈವರ್ ಇಟ್ಟು ಕೇಳಿದ. ಮುಂದೆ ಮದುವೆಯಾದ ಮೇಲೆ, ಹೆಂಡತಿಯ ತಲೆಗೆ ಇಟ್ಟು ನೋಡುವ ಧೈರ್ಯ ಮಾತ್ರ ಬರಲಿಲ್ಲ.

ಕಿವಿಯ ಸಂಗತಿ ಬಾಯಿಬಿಡದೆ ನೀರು ಸರಬರಾಜು ಇಲಾಖೆಯಲ್ಲಿ ಕೆಲಸ ಗಿಟ್ಟಿಸಿದ. ಮನೆ ಸಿಕ್ಕಿದ್ದು ಗುಡ್ಡದ ಮೇಲಿನ ಬಡಾವಣೆಯಲ್ಲಿ. ಅಲ್ಲಿಗೆ ನೀರು ಹತ್ತುತ್ತಿರಲಿಲ್ಲ. ನೂರ ನಲವತ್ತು ಮೆಟ್ಟಿಲು ಇಳಿದು, ತುಂಬಿದ ಬಕೆಟ್ ಹಿಡಿದು ಹತ್ತಬೇಕು. "ನೀರಿನ ಇಂಜಿನಿಯರನ್ನ ಕಟ್ಕೊಂಡು ನೀರಿಗೆ ಪರದಾಡೋಳು ನಾನೊಬ್ಳೇ ಕಣ್ರೀ!" ಎಂದು ಹೆಂಡತಿ ಅವನ ಎದುರಿಗೇ ನಿಂತು ಬೈಯುತ್ತಿದ್ದಳು. ಬೆನ್ನ ಹಿಂದೆ ಬೈದರೆ ದಂಡ ಎಂದು ಅವಳಿಗೆ ಗೊತ್ತಿತ್ತು.

ಒಂಬತ್ತು ವರ್ಷ ಬೈಸಿಕೊಂಡ ಮೇಲೆ ಗುಡ್ಡಕ್ಕೆ ನೀರೆತ್ತುವ ದೊಡ್ಡ ಪಂಪು ಬಂತು. ಅವನೇ ನಿಂತು ಕೂರಿಸಿದ. ಅಷ್ಟರಲ್ಲಿ ಹೊಸದಾಗಿ ಬಂದ ಹಿರಿಯ ಇಂಜಿನಿಯರು ಬೆನ್ನ ಹಿಂದಿನಿಂದ ಮೂರು ಸಲ ಕೂಗಿ, ಗುಟ್ಟು ಕಂಡುಹಿಡಿದುಬಿಟ್ಟರು. "ಕಿವಿ ಕೇಳದವರನ್ನ ಯಂತ್ರದ ಹತ್ರ ಬಿಡೋಕಾಗಲ್ಲ. ಪಂಪು ಶುರುವಾದ ಮಾರನೇ ದಿನ ನೀವು ಕಡತದ ಕೋಣೆಗೆ" ಎಂದು ಆದೇಶದ ಕಾಗದವನ್ನೂ ಜೇಬಿನಲ್ಲಿಟ್ಟುಕೊಂಡರು. ಯಂತ್ರ ಬಿಟ್ಟರೆ ಅವನ ಪಾಲಿಗೆ ಲೋಕದಲ್ಲಿ ಬೇರೆ ಸದ್ದೇ ಇರಲಿಲ್ಲ.

ಪಂಪು ಶುರುವಾಗುವ ದಿನ ಬೆಳಿಗ್ಗೆ ಹತ್ತಕ್ಕೆ ಗುಡ್ಡದ ಮೇಲೆ ಬಕೆಟ್, ಕೊಡಗಳ ಸಾಲೋ ಸಾಲು. ತೊಟ್ಟಿಯ ಪಕ್ಕದ ಕೋಣೆಯಲ್ಲಿದ್ದ ಫೋನಿನ ಹತ್ತಿರ ಹೆಂಡತಿ ಕಾವಲು ನಿಂತಿದ್ದಳು. ಕೆಳಗೆ ಇವನು ಗುಂಡಿ ಒತ್ತಿದ. ನೆಲ ನಡುಗಿತು, ಮಾಪಕದ ಮುಳ್ಳು ಸರಸರನೆ ಏರಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಅವನು ಸ್ಕ್ರೂಡ್ರೈವರ್ ಕಚ್ಚಿಕೊಂಡು ಮೊದಲ ಬೇರಿಂಗಿಗೆ ಇಟ್ಟ. ಸೊಗಸು! ಎರಡನೆಯದಕ್ಕೆ ಇಟ್ಟ. ಗುಂಯ್ ಎನ್ನುವುದರೊಳಗೆ ಸಣ್ಣಗೆ ಕರಕರ.

"ನಿಲ್ಲಿಸಬೇಕು!"

"ಏನೂ ಇಲ್ಲ ಕಣ್ರೀ, ಬೆಣ್ಣೆ ಥರ ಓಡ್ತಿದೆ" ಎಂದರು ಹಿರಿಯರು, ತಮ್ಮ ಒಳ್ಳೆಯ ಕಿವಿಯನ್ನು ಪಂಪಿನತ್ತ ಚಾಚಿ.

ನಿಲ್ಲಿಸಿದ ಮೇಲೆ ಏನೂ ಸಿಗದಿದ್ದರೆ ಕಡತದ ಕೋಣೆ ಗ್ಯಾರಂಟಿ. ನಿಲ್ಲಿಸದೆ ಬಿಟ್ಟರೆ ಬೇರಿಂಗ್ ಸುಟ್ಟು, ಗುಡ್ಡಕ್ಕೆ ಇನ್ನಾರು ತಿಂಗಳು ನೀರಿಲ್ಲ. ಅವನು ಹಿಂದೆಮುಂದೆ ನೋಡದೆ ಗುಂಡಿ ಒತ್ತಿ ನಿಲ್ಲಿಸಿಯೇಬಿಟ್ಟ.

ಮುದುಕ ಫಿಟ್ಟರ್ ಬೇರಿಂಗಿನ ಮುಚ್ಚಳ ಬಿಚ್ಚಿದ. ಸುಡುತ್ತಿತ್ತು! ಎಣ್ಣೆ ಬರುವ ತೂತಿನೊಳಗೆ ಚಿಮಟ ಹಾಕಿ ಎಳೆದರೆ ಒಂದು ಚಿಂದಿ ಬಟ್ಟೆ ಬಂತು, ಹಳದಿ ಹೂವಿನದು. ನಮ್ಮ ಇಂಜಿನಿಯರು ಬಗ್ಗಿ ನೋಡಿದ. ಅದು ಅವನ ಮನೆಯದೇ ಹಳೇ ಪರದೆ! ಪಂಪು ಕೂರಿಸುವಾಗ ಧೂಳು ಬೀಳದಿರಲಿ ಎಂದು ತಾನೇ ತುರುಕಿದ್ದ, ತೆಗೆಯುವುದನ್ನು ಮರೆತಿದ್ದ.

ಫಿಟ್ಟರ್ ಚಿಂದಿಯನ್ನು ಮುಷ್ಟಿಯಲ್ಲಿ ಮುಚ್ಚಿದ. ಸದ್ದಿಲ್ಲದೆ, ಬರೀ ತುಟಿ ಆಡಿಸಿ ಹೇಳಿದ: "ಸುಮ್ನಿರಿ ಸಾರ್. ಯಾರೂ ನೋಡಿಲ್ಲ."

ಅಷ್ಟು ಜನರಲ್ಲಿ ಆ ಮಾತು ತಲುಪಿದ್ದು ಅವನೊಬ್ಬನಿಗೇ. ಆಸೆಯಾಯಿತು, ಯಾಕೆ ಸುಳ್ಳು? ಆದರೆ ಬಾಯಿ ತೆರೆದ. ತನ್ನ ದನಿ ತನಗೇ ಕೇಳದವನು ಬೇರೆ, ಕಟ್ಟಡವೆಲ್ಲ ಮೊಳಗುವಂತೆ ಕೂಗಿದ: "ಆ ಬಟ್ಟೆ ನಂದೇ! ತುರುಕಿದ್ದೂ ನಾನೇ, ಮರೆತದ್ದೂ ನಾನೇ!"

ಹಿರಿಯರ ಮುಖ ಕೆಂಪಾಯಿತು. ಬೇರಿಂಗ್ ಉಜ್ಜಿ, ಎಣ್ಣೆ ಬಿಟ್ಟು, ಒಂದೂವರೆ ಗಂಟೆಯ ಮೇಲೆ ಮತ್ತೆ ಗುಂಡಿ ಒತ್ತಿದರು. ಅವನು ಕೇಳಿ ತಲೆಯಾಡಿಸಿದ. ಆಗ ಹಿರಿಯರು ಸ್ಕ್ರೂಡ್ರೈವರಿಗೆ ಕೈ ಚಾಚಿದರು. ಹಿಡಿಯ ಮೇಲಿನ ಹಲ್ಲಿನ ಗುರುತುಗಳನ್ನು ಒಂದು ಗಳಿಗೆ ನೋಡಿ, ಕರವಸ್ತ್ರದಿಂದ ಚೆನ್ನಾಗಿ ಒರೆಸಿ, ತಾವೂ ಕಚ್ಚಿದರು. ಅವರ ಕಣ್ಣುಗಳು ಅಗಲವಾದವು.

"ಬಟ್ಟೆ ಮರೆತದ್ದಕ್ಕೆ ನೋಟಿಸು ಬಂದೇ ಬರುತ್ತೆ" ಎಂದರು, ಅವನಿಗೆ ತುಟಿ ಕಾಣುವಂತೆ ನಿಂತು. "ಅದನ್ನ ಇಲ್ಲೇ, ಪಂಪಿನ ಪಕ್ಕ ನಿಂತು ತಗೊಳ್ಳಿ." ಜೇಬಿನ ಕಾಗದವನ್ನು ನಾಲ್ಕು ಚೂರು ಮಾಡಿದರು.

ಅಷ್ಟರಲ್ಲಿ ಪಕ್ಕದ ಕೋಣೆಯಲ್ಲಿ ಫೋನು ರಿಂಗಾಯಿತಂತೆ. ಹಿರಿಯರು ಓಡಿಹೋಗಿ ಎತ್ತಿ, ಅವನನ್ನು ಕೈಬೀಸಿ ಕರೆದರು. "ನಿಮ್ಮ ಮನೆಯವರು!"

ಅವನು ಜನ್ಮದಲ್ಲಿ ಫೋನು ಮುಟ್ಟಿದವನಲ್ಲ. ಕಕ್ಕಾಬಿಕ್ಕಿಯಾಗಿ ನಿಂತ. ಆಮೇಲೆ ಏನನ್ನಿಸಿತೋ, ರಿಸೀವರಿನ ಕಿವಿಗಿಡುವ ತುದಿಯನ್ನು ಬಾಯಿಗಿಟ್ಟು ಗಟ್ಟಿಯಾಗಿ ಕಚ್ಚಿದ.

ಮೊದಲು ನೀರು. ತಗಡಿನ ಬಕೆಟ್ಟಿಗೆ ಧೋ ಎಂದು ಬೀಳುವ ನೀರು! ಅದರ ಮೇಲೆ ಒಂದು ದನಿ. ಹೆಂಡತಿಯದು ಸಣ್ಣ ದನಿ ಎಂದು ಒಂಬತ್ತು ವರ್ಷ ಅಂದುಕೊಂಡಿದ್ದ. ಇದು ದಪ್ಪ, ಸ್ವಲ್ಪ ಒಡಕು. "ಎರಡು ಗಂಟೆ ತಡ ಮಾಡಿದ್ದೀರಲ್ರೀ, ನಿಂತೂ ನಿಂತೂ ಕಾಲೆಲ್ಲ ಬಿದ್ದೋಯ್ತು! ಕೇಳಿಸ್ತಿದೆಯಾ?"

ಅವನ ಕಣ್ಣಲ್ಲಿ ನೀರು ಇಳಿಯಿತು. ರಿಸೀವರನ್ನು ಬಾಯಿಂದ ತೆಗೆದು, "ಇನ್ನೊಂದ್ಸಲ ಬೈಯೇ" ಎಂದು ಕೂಗಿ, ಬೇಗಬೇಗ ಮತ್ತೆ ಕಚ್ಚಿಕೊಂಡ.