ಕೊಡೆ ಗುರುತಿನ ಬೆಂಚು

ಹೊಸ ಟಿವಿ ಯೂನಿಟ್ಟಿನ ಕಾಲು ನೆಲ ಒರೆಸಿದ ನೀರು ಕುಡಿದು ಊದಿಕೊಂಡಿದೆ. ಇವತ್ತು ಬಗ್ಗಿ ಗುಡಿಸುವಾಗ ಒದ್ದೆ ರಟ್ಟಿನಂಥ ವಾಸನೆ ಮೂಗಿಗೆ ಬಡಿದು ಅಪ್ಪನ ಬೆಂಚು ನೆನಪಾಯಿತು.

ಅಪ್ಪ ಮೂಕಂಡಪಲ್ಲಿಯ ಫ್ಯಾಕ್ಟರಿಯಲ್ಲಿದ್ದರು. ಹೊರದೇಶದಿಂದ ಮಿಷನ್ನು ತುಂಬಿ ಬಂದ ಮರದ ಪೆಟ್ಟಿಗೆಗಳನ್ನು ಆಮೇಲೆ ಕೆಲಸಗಾರರಿಗೇ ಮಾರುತ್ತಿದ್ದರು. ಅಂಥದ್ದೊಂದನ್ನು ಅಪ್ಪ ಮನೆಗೆ ತಂದು, ಮೊಳೆ ಕಿತ್ತು, ಭಾನುವಾರವೆಲ್ಲ ಕೂತು ಬೆಂಚು ಮಾಡಿದರು. ನೆನೆಸಬೇಡಿ, ಒಡೆದೀತು, ಈ ಕಡೆ ಮೇಲೆ ಎಂದು ಸಾಗಿಸುವವರಿಗೆ ಹೇಳಲು ಹಲಗೆಯ ಮೇಲೆ ಒತ್ತಿದ್ದ ಕಪ್ಪು ಬಣ್ಣದ ಕೊಡೆ, ಗಾಜಿನ ಲೋಟ, ಮೇಲ್ಮುಖದ ಬಾಣ ಹಾಗೇ ಉಳಿದಿದ್ದವು. ಮಳೆ ಬಂದಾಗ ಅದರಿಂದ ಸಿಹಿಯಾದ ಮರದ ವಾಸನೆ ಏಳುತ್ತಿತ್ತು.

ಯಾರಾದರೂ ಬಂದರೆ ಅಮ್ಮ ಓಡಿಹೋಗಿ ಹಳೇ ಸೀರೆ ಹಾಸುತ್ತಿದ್ದಳು. "ಲೋಟ ಕಾಣ್ತದೆ, ಅಂಚು ಎಳಿಯೇ," ಎಂದು ಕಿವಿಯಲ್ಲಿ ಪಿಸುಗುಡುತ್ತಿದ್ದಳು. ಎಳೆಯುವಾಗ ನಾಚಿಕೆಯಿಂದ ನನಗೆ ತಲೆ ಎತ್ತಲಾಗುತ್ತಿರಲಿಲ್ಲ. ಪಕ್ಕದ ಮನೆಯಲ್ಲಿ ಸೋಫಾ ಇತ್ತು. ಅಪ್ಪ ಮಾತ್ರ ಸೀರೆ ಸರಿಸಿಯೇ ಕೂರುತ್ತಿದ್ದರು. "ಮಿಷನ್ನೇ ಹೊತ್ಕೊಂಡು ಬಂದಿರೋ ಹಲಗೆ ಕಣ್ರೀ, ನೀವ್ ಕೂತ್ರೆ ಮುರ್ದೋಯ್ತದಾ? ಕೂತ್ಕಳಿ!"

ನಾನು ಬೇರೆಯಾಗಿ ಮತ್ತಿಗಿರಿಯ ಈ ಮನೆಗೆ ಬಂದಾಗ ಅಪ್ಪ ಜೊತೆಗೆ ಕಳಿಸಿದ ಆ ಬೆಂಚನ್ನು ನಾನೇ ಬಾಲ್ಕನಿಗೆ ತಳ್ಳಿಸಿದೆ. ಬಿಸಿಲು ಮಳೆಗೆ ಬೂದು ಬಣ್ಣಕ್ಕೆ ತಿರುಗಿದೆ, ಆದರೆ ಒಂದು ಮೊಳೆಯೂ ಸಡಿಲವಾಗಿಲ್ಲ. ಟಿವಿ ಯೂನಿಟ್ಟು ಮೊಬೈಲಿನಲ್ಲಿ ನೋಡಿ, ಎಲ್ಲರ ಮನೆಯಲ್ಲೂ ಇದೆಯೆಂದು ತರಿಸಿಕೊಂಡದ್ದು.

ಸಂಜೆ ಅಪ್ಪ ಬರುತ್ತಾರೆ. ಊದಿದ ಕಾಲು ಕಾಣದಂತೆ ಯೂನಿಟ್ಟಿಗೆ ಹಳೇ ಸೀರೆಯೊಂದನ್ನು ಇಳಿಬಿಟ್ಟು, ಅಂಚು ಎಳೆಯುತ್ತಾ ಕೂತಿದ್ದೇನೆ.