ಕಪ್ಪು ಉಗುರಿನ ಮೇಡಂ

ನಮ್ಮ ಮೇಡಂ ಅವರ ಬಲಗೈ ಹೆಬ್ಬೆರಳಿನ ಉಗುರು ಯಾವಾಗಲೂ ಕಪ್ಪಗಿರುತ್ತಿತ್ತು. ರೇಷ್ಮೆ ಸೀರೆ ಉಟ್ಟು ಬಂದ ದಿನವೂ ಅಷ್ಟೇ. ಕಬ್ಬಿಣ ಎಲ್ಲಿ ಕಂಡರೂ, ಬಸ್ಸಿನ ಕಂಬಿಯಾದರೂ ಸರಿ, ಉಗುರಿನಿಂದ ಗೀರಿ ನೋಡದೆ ಬಿಡುತ್ತಿರಲಿಲ್ಲ.

ನಾನು ಮದ್ದೂರಿನಲ್ಲಿ ಲೇತ್ ಅಂಗಡಿ ಇಟ್ಟವನು. ಮಗಳು ಹೈಸ್ಕೂಲಿಗೆ ಬಂದ ಮೇಲೆ ಮಂಡ್ಯದಲ್ಲಿ ಸಂಜೆ ಡಿಪ್ಲೊಮಾಗೆ ಸೇರಿದೆ. ಲೋಹಗಳ ಪಾಠ ಮೇಡಂ ಅವರದು. ಪೂರಿಗಾಲಿಯವರು, ಊರ ಮಾತು ಬಿಟ್ಟಿರಲಿಲ್ಲ. ನಾನು ನಾಚಿಕೆಯಿಂದ ಹಿಂದಿನ ಬೆಂಚಿನಲ್ಲಿ ಕೂತರೆ, "ಮುಂದುಕ್ ಬಾರಪ್ಪ. ಪಾಠ ಏನ್ ಎದ್ದು ನಿನ್ ತಾವುಕ್ ನಡ್ಕಂಡ್ ಬತ್ತದಾ?" ಎಂದರು.

ಆ ವರ್ಷ ನಮ್ಮ ಕಡೆಯ ಆಲೆಮನೆಯೊಂದರ ಗಾಣದ ಶಾಫ್ಟು ಸವೆದುಹೋಯಿತು. ಯಜಮಾನರೇ ಬೆಂಗಳೂರಿನಿಂದ ಗಟ್ಟಿ ಮಿಶ್ರಲೋಹದ ಉಕ್ಕು ತಂದರು. ಹಳೆಯ ಮೆತ್ತಗಿನ ಶಾಫ್ಟಿಗಿಂತ ಎಷ್ಟೋ ಬಲವಾದದ್ದು. ಅದನ್ನು ಲೇತಿನಲ್ಲಿ ಕಡೆದು ಕೊಟ್ಟವನು ನಾನು. ಒಂದು ತಿಂಗಳೂ ಬಾಳದೆ ಮುರಿಯಿತು. ಕಡಿದ ಕಬ್ಬು ಅಂಗಳದಲ್ಲಿ ಒಣಗುತ್ತಿತ್ತು. ಯಜಮಾನರು ಸಂತೆಯಲ್ಲಿ ಎಲ್ಲರೆದುರಿಗೆ, "ಈ ವಯಸ್ನಾಗೆ ಇಸ್ಕೂಲ್ಗೋಗಿ ಬರೋ ಕೆಲ್ಸಾನೂ ಮರ್ತವ್ನೆ ಕಣ್ರಲಾ!" ಅಂದರು. ಬೇರೆ ಆಲೆಮನೆಯವರೂ ನನ್ನ ಅಂಗಡಿಗೆ ಬರುವುದನ್ನು ನಿಲ್ಲಿಸಿದರು. ಓದು ಬಿಟ್ಟುಬಿಡುತ್ತೇನೆ ಎಂದು ಮೇಡಂಗೆ ಹೇಳಿದೆ.

"ಬುಡೂವಂತೆ. ಮುರ್ದಿರೋದ ನೋಡ್ದೆ ಬುಡ್ತೀಯಾ?" ಅಂದವರು ಭಾನುವಾರ ಬಸ್ಸು ಹತ್ತಿ ಬಂದೇಬಿಟ್ಟರು.

ಆಲೆಮನೆಗೆ ಕಾಲಿಟ್ಟವರೇ, "ತಪ್ಪು ಇವುನ್ದೇ ಆಗಿದ್ರೆ ಅದ್ನೂ ಮುಚ್ಚಿಡಾಕಿಲ್ಲ," ಎಂದರು. ಶಾಫ್ಟಿನ ದಪ್ಪ ಕಡಿಮೆಯಾಗುವ ಮೂಲೆಯಲ್ಲಿ ನನ್ನ ಟೂಲಿನ ಗೀರು ಉಳಿದಿದ್ದರೆ ಅಲ್ಲಿಂದಲೇ ಬಿರುಕು ಹುಟ್ಟಬಹುದು. ಆ ಮೂಲೆಯಲ್ಲಿ ಸುತ್ತಲೂ ಉಗುರು ಆಡಿಸಿದರು. ಎಲ್ಲೂ ತಡೆಯಲಿಲ್ಲ. ಆಮೇಲೆ ಮುರಿದ ಮುಖವನ್ನು ಸೀಮೆಎಣ್ಣೆಯಲ್ಲಿ ತೊಳೆದು ಯಜಮಾನರಿಗೆ ಭೂತಗನ್ನಡಿ ಕೊಟ್ಟರು.

"ಕೆರೆ ನೀರು ಇಳ್ದಾಗ ದಡದ ಮೇಲೆ ಗೆರೆ ಉಳೀತದಲ್ಲ, ಅಂಗೆ ಕಾಣ್ತದಾ ಅಣ್ಣ?"

"ಊ ಕಣವ್ವ, ಒಂದ್ರೊಳಗೊಂದು. ನಡುವೆ ಏನೋ ಚುಕ್ಕಿ. ಗಸಗಸೆ ಕಾಳಷ್ಟು."

"ಅದು ಕಿಟ್ಟ. ಉಕ್ಕು ಕರಗ್ಸೋವಾಗ ಒಳಗೇ ಉಳ್ದಿರೋ ಕೊಳೆ. ಬಿರುಕು ಹುಟ್ಟಿದ್ದೇ ಅಲ್ಲಿ. ಗಾಣ ಸುತ್ತು ಸುತ್ತಿಗೂ ಒಂಚೂರು ಒಂಚೂರು ಬೆಳ್ದದೆ."

"ಅಂಗಾರೆ ಇನ್ನೂ ಗಟ್ಟಿದೇ ತತ್ತೀನಿ ಬುಡಿ!"

"ಗಟ್ಟಿ ಆದಷ್ಟೂ ಕೊಳೆ ತಡಿಯಾಕಿಲ್ಲ ಕಣಣ್ಣ. ಮೆತ್ತಗಿರೋದು ಒಸಿ ಸೈರಿಸ್ಕತ್ತದೆ. ಗಟ್ಟಿದು ಸುದ್ಧವಾಗೇ ಇರ್ಬೇಕು."

ಯಜಮಾನರು ತಲೆ ಕೆರೆದುಕೊಂಡರು. "ತರಿಸ್ತೀನಿ. ಕಡೆಯೋರ್ಯಾರು?"

"ಮೂಲೇಲಿ ಉಗುರು ತಡೀದಂಗೆ ಕಡೆಯೋನು ಇಲ್ಲೇ ನಿಂತವ್ನಲ್ಲ!"

ಕೊಳೆ ಕಡಿಮೆಯಿರುವ, ಪರೀಕ್ಷೆ ಮಾಡಿಸಿದ ಉಕ್ಕು ಬಂತು. ಕಡೆದೆ. ಆ ಹಂಗಾಮು ಪೂರ್ತಿ ಗಾಣ ನಿಲ್ಲಲಿಲ್ಲ. ಆ ಶಾಫ್ಟು ಇವತ್ತಿಗೂ ತಿರುಗುತ್ತಿದೆ. ಅದೇ ಸಂತೆಯಲ್ಲಿ ಯಜಮಾನರು ನನ್ನ ಕೈ ಎತ್ತಿ ಹಿಡಿದು, "ಓದ್ಕಂಡಿರೋ ಕೈ ಕಣ್ರಲಾ ಇದು!" ಎಂದು ಕೂಗಿದರು.

ಡಿಪ್ಲೊಮಾ ಪಾಸಾದಾಗ ಅದೇ ಆಲೆಮನೆಯ ಅಚ್ಚುಬೆಲ್ಲ ಮಂಡ್ಯಕ್ಕೆ ಒಯ್ದೆ. ಮೇಡಂ ಅದನ್ನೂ ಉಗುರಿನಿಂದ ಗೀರಿ, "ಕಿಟ್ಟ ಇಲ್ಲ," ಎಂದು ನಕ್ಕು ಬಾಯಿಗೆ ಹಾಕಿಕೊಂಡರು.

ಹೋದ ವರ್ಷ ಅವರು ತೀರಿಕೊಂಡರು. ಈಗ ನನ್ನ ಉಗುರೂ ಕಪ್ಪು. ಮದುವೆಮನೆಗೆ ಹೊರಟಾಗೆಲ್ಲ, "ಒಸಿ ಉಜ್ಕಬಾರ್ದಾ?" ಎಂದು ಹೆಂಡತಿ ಬೈಯುತ್ತಾಳೆ. ಉಜ್ಜುವುದಿಲ್ಲ. ಯಾರು ಎದುರಾದರೂ ಮೊದಲು ಆ ಕೈಯನ್ನೇ ಚಾಚುತ್ತೇನೆ.