ಹಾಲಕ್ಕನ ಸೆನ್ಸರ್ ಜಗಳ

ಹಾಲಕ್ಕ ಜಗಳಕ್ಕೆ ನಿಂತರೆ ಮೊದಲು ಕುತ್ತಿಗೆಯಲ್ಲಿದ್ದ ಕ್ಯಾಮೆರಾ ತೆಗೆದು ಎದುರಾಳಿಯ ಕೈಗೇ ಕೊಡುತ್ತಿದ್ದಳು. "ಹಿಡ್ಕಳಪ್ಪ ಒಂಚೂರು," ಎನ್ನುವಳು. ವಾದ ಮಾಡಲು ಅವಳಿಗೆ ಎರಡೂ ಕೈ ಬೇಕಿತ್ತು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಶುರು ಮಾಡಿದಳೆಂದರೆ, ಅವಳ ಕ್ಯಾಮೆರಾವನ್ನು ಕೂಸಿನಂತೆ ಎದೆಗವಚಿಕೊಂಡು ನಿಂತವನಿಗೆ ಬೈಸಿಕೊಳ್ಳದೆ ಗತ್ಯಂತರವಿರಲಿಲ್ಲ. ಹಾಗೆ ಹೆಚ್ಚು ಸಲ ನಿಂತವನು ನಾನೇ.

ಅವಳ ಸ್ಟುಡಿಯೋ ಹೊಳಲ್ಕೆರೆಯಲ್ಲಿತ್ತು, ನನ್ನದು ಚಿತ್ರದುರ್ಗದಲ್ಲಿ. ಇಬ್ಬರದೂ ಮದುವೆ ಫೋಟೋ ತೆಗೆಯುವ ಕಸುಬು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಫೋಟೋಗ್ರಾಫರುಗಳೆಲ್ಲ ಸೋಮವಾರ ಪ್ರಿಂಟು ಹಾಕಿಸಲು ಚಿತ್ರದುರ್ಗದಲ್ಲಿದ್ದ ರುದ್ರಮುನಿಯ ಕಲರ್ ಲ್ಯಾಬಿಗೆ ಬರುತ್ತಿದ್ದರು. ಅಷ್ಟು ಗಂಡಸರ ನಡುವೆ ಇವಳೊಬ್ಬಳೇ ಹೆಂಗಸು. ಆದರೆ ಒಳಗೆ ಯಾರಿದ್ದಾರೆ ಎಂದು ರಸ್ತೆಯಲ್ಲಿ ಹೋಗುವವರಿಗೆ ತಿಳಿಯುತ್ತಿದ್ದದ್ದು ಅವಳ ದನಿಯಿಂದಲೇ. ಸ್ಟುಡಿಯೋ ಮೊದಲು ಗಂಡನದಾಗಿತ್ತು. ಆತನಿಗೆ ಡಾರ್ಕ್ ರೂಮಿನ ವಾಸನೆ ಆಗಿಬರದೆ ತೋಟದ ಕಡೆ ಹೊರಟುಹೋದ. ತೊಂಬತ್ತರ ದಶಕದ ಮೊದಲಲ್ಲಿ, ಮದುವೆಯಾಗಿ ಇನ್ನೂ ಹೊಸದರಲ್ಲಿ, ಇವಳು ಆ ಕತ್ತಲ ಕೋಣೆಗೆ ನುಗ್ಗಿದವಳು ಹೊರಗೆ ಬರಲೇ ಇಲ್ಲ.

ಹಾಲಮ್ಮ ಎಂದು ಹೆಸರಿಟ್ಟವರು ಬಣ್ಣ ನೋಡಿ ಇಟ್ಟಿರಲಾರರು. ಇದನ್ನು ಹೇಳಿ ಮೊದಲು ನಗುತ್ತಿದ್ದವಳೂ ಅವಳೇ. ಆದರೆ ತನ್ನ ಮದುವೆ ಆಲ್ಬಮ್ಮಿನ ಮಾತು ಬಂದರೆ ಮಾತ್ರ ನಗುತ್ತಿರಲಿಲ್ಲ. ಅದನ್ನು ತೆಗೆದ ಫೋಟೋಗ್ರಾಫರ್ ಫ್ಲ್ಯಾಶನ್ನು ಮುಖಕ್ಕೇ ಹೊಡೆದು, ಸಾಲದ್ದಕ್ಕೆ ಪ್ರಿಂಟಿನ ಮೇಲೆ ಕುಂಚದಿಂದ ತಿದ್ದಿ, ಮದುಮಗಳನ್ನು ಗೋಧಿಹಿಟ್ಟಿನ ಬಣ್ಣಕ್ಕೆ ತಂದಿದ್ದನಂತೆ.

"ನಮ್ಮತ್ತೆ ಪಕ್ಕ ಯಾವಳೋ ನಿಂತವ್ಳೆ ಕಣೋ ಮಂಜ. ನನ್ ಸೀರೆ ಉಟ್ಕಂಡವ್ಳೆ, ನನ್ ತಾಳಿ ಹಾಕ್ಕಂಡವ್ಳೆ. ನಾನಲ್ಲ ಅದು," ಎನ್ನುತ್ತಿದ್ದಳು.

ಕಂಪ್ಯೂಟರ್ ಬಂದ ಮೇಲೆ ಮುಖ ಬೆಳ್ಳಗಾಗಿಸುವುದು ಒಂದು ಗುಂಡಿ ಒತ್ತುವ ಕೆಲಸವಾಯಿತು. ನಾವೆಲ್ಲ ಕಣ್ಣು ಮುಚ್ಚಿ ಒತ್ತುತ್ತಿದ್ದೆವು. ಹಾಲಕ್ಕ ಒಪ್ಪುತ್ತಿರಲಿಲ್ಲ. ಹೊಸದುರ್ಗದ ಒಂದು ಮದುವೆಯ ಕಡೆಯವರು ಹುಡುಗಿಯನ್ನು ಬಿಳಿ ಮಾಡಿಕೊಡಿ ಎಂದು ಪಟ್ಟು ಹಿಡಿದಾಗ, ಹುಡುಗಿಯನ್ನೇ ಕರೆಸಿ ಎರಡು ಪ್ರಿಂಟು ಮುಂದಿಟ್ಟಳು, ಇದ್ದ ಹಾಗಿನದು ಒಂದು, ಬಿಳಿ ಮಾಡಿದ್ದು ಇನ್ನೊಂದು. "ಆರಿಸ್ಕ ತಾಯಿ. ನಿನ್ ಮಕ ಅದು." ಹುಡುಗಿ ಬಿಳಿಯದನ್ನೇ ಆರಿಸಿಕೊಂಡಳು. ಹಾಲಕ್ಕ ಮರುಮಾತಾಡದೆ ಆಲ್ಬಮ್ ಮಾಡಿಕೊಟ್ಟಳು. ಆದರೆ ಆವತ್ತು ನಮ್ಮ ಲ್ಯಾಬಿನಲ್ಲಿ ಎದುರಿಗೆ ಸಿಕ್ಕವರಿಗೆಲ್ಲ ಬೈಗುಳ.

ಆಮೇಲೆ ಬಂತು ಫುಲ್ ಫ್ರೇಮ್ ಕಾಲ. ಲೆನ್ಸಿನ ಹಿಂದೆ ಕೂತು ಬೆಳಕು ಹಿಡಿಯುವ ಬಿಲ್ಲೆಗೆ ಸೆನ್ಸರ್ ಎನ್ನುತ್ತಾರೆ. ಅದು ಹಳೆಯ ಫಿಲ್ಮಿನ ಒಂದು ಚಿತ್ರದಷ್ಟೇ ಅಗಲವಾಗಿದ್ದರೆ ಫುಲ್ ಫ್ರೇಮ್. ದೊಡ್ಡ ಕಂಪನಿಗಳೆರಡು ಆ ಕ್ಯಾಮೆರಾಗಳನ್ನು ಹೆಚ್ಚುಕಡಿಮೆ ಒಟ್ಟಿಗೇ ಇಳಿಸಿದವು. ಕುತ್ತಿಗೆ ಪಟ್ಟಿಯ ಬಣ್ಣದಿಂದ ನಾವು ಅವುಗಳನ್ನು ಕೆಂಪು, ಹಳದಿ ಎಂದು ಕರೆಯುತ್ತಿದ್ದೆವು. ಹಾಲಕ್ಕ ಕೆಂಪು ತಂದಳು. ನಾನು ಹಳದಿ ತಂದೆ. ಲ್ಯಾಬಿನಲ್ಲಿ ಸೋಮವಾರವೆಂದರೆ ಚುನಾವಣೆಯ ಕಳೆ ಬಂತು. ಒಂದಿಬ್ಬರು ಪ್ರಿಂಟು ಹಾಕಿಸುವುದಿಲ್ಲದಿದ್ದರೂ ಬರತೊಡಗಿದರು.

"ನಂದ್ರಾಗೆ ನಿಂದಕ್ಕಿಂತ ಹೆಚ್ಚೂಕಮ್ಮಿ ಎರಡರಷ್ಟು ಪಿಕ್ಸೆಲ್ ಚುಕ್ಕಿ ಅವೆ," ಎಂದು ಅವಳು ನನ್ನ ಕೈಗೆ ಕ್ಯಾಮೆರಾ ಕೊಟ್ಟೇ ಶುರುಮಾಡುವಳು. "ರಂಗೋಲಿ ಚುಕ್ಕಿ ಹೆಚ್ಚಿದ್ರೆ ತಾನೆ ಎಳೆ ಸಣ್ಣಗೆ ಬರೋದು?"

"ಅಷ್ಟೇ ಅಂಗಳದಾಗೆ ಎರಡರಷ್ಟು ಚುಕ್ಕಿ ಇಟ್ರೆ ಒಂದೊಂದ್ಕೂ ಸಿಗೋ ಪುಡಿ ಎಷ್ಟಕ್ಕ? ನಂದ್ರಾಗೆ ಚುಕ್ಕಿ ಕಮ್ಮಿ, ಆದ್ರೆ ಒಂದೊಂದೂ ದಪ್ಪ. ಬೆಳಕು ಜಾಸ್ತಿ ಹಿಡಿತಾವೆ. ಕತ್ಲಾಗೆ ನೋಡು ಬೇಕಾದ್ರೆ."

"ಕತ್ಲಾಗೆ ಯಾರೋ ಮದ್ವೆ ಆಗ್ತಾರೆ?"

ಲ್ಯಾಬು ಗೊಳ್ಳೆನ್ನುತ್ತಿತ್ತು. ಆದರೆ ನಗು ಇಳಿದ ಮೇಲೆ ಅವಳು ಕೇಳುತ್ತಿದ್ದ ಪ್ರಶ್ನೆ ಒಂದೇ. "ಅದೆಲ್ಲ ಬಿಡ್ರಿ. ನಮ್ಮ ಕಡೆ ಮಂದಿ ಬಣ್ಣ ಹಂಗಂಗೇ ಹಿಡಿಯೋದು ಯಾವ್ದು? ಅದು ಹೇಳ್ರಿ."

ಕೊನೆಗೆ ರುದ್ರಮುನಿಯೇ ಬೇಸತ್ತು ಪಂದ್ಯ ಕಟ್ಟಿದ. ಒಂದೇ ಜಾಗದಲ್ಲಿ, ಒಂದೇ ಬೆಳಕಿನಲ್ಲಿ ಇಬ್ಬರೂ ತೆಗೆಯಬೇಕು. ಗೆದ್ದ ಚಿತ್ರ ಆಳೆತ್ತರ ಪ್ರಿಂಟಾಗಿ ಲ್ಯಾಬಿನ ಮುಂಬಾಗಿಲ ಗೋಡೆಗೆ ಏರುತ್ತದೆ. ಸೋತವರು ಆ ವರ್ಷದ ಮದುವೆಗಳಲ್ಲೆಲ್ಲ ಗೆದ್ದವರ ಬಣ್ಣದ ಪಟ್ಟಿ ಹಾಕಿಕೊಂಡು ತಿರುಗಬೇಕು. ಹೊಸ ಕ್ಯಾಮೆರಾ ಕೊಳ್ಳಲು ಕಾದಿದ್ದವರೆಲ್ಲ ಫಲಿತಾಂಶ ನೋಡಿ ಕೊಳ್ಳುವುದೆಂದು ಕೈಕಟ್ಟಿ ಕೂತರು.

ಜಾಗ ಹುಡುಕಿದವಳು ಹಾಲಕ್ಕ. ಹಿರೇಗುಂಟನೂರಿನ ಹತ್ತಿರ ಕುರಿ ಕೂಡುವ ಒಂದು ರೊಪ್ಪ, ಅದರ ಪಕ್ಕದ ಗುಡಿಸಲಿನ ಬಾಗಿಲಲ್ಲಿ ಕೆಂಚಮ್ಮ ಎಂಬ ಮುದುಕಿ. ಮಟಮಟ ಮಧ್ಯಾಹ್ನ. ಮುದುಕಿಯ ಹೆಗಲ ಮೇಲೆ ಕರಿ ಕಂಬಳಿ, ಅರ್ಧ ಮುಖ ಸೂರಿನ ನೆರಳಲ್ಲಿ, ಮಡಿಲಲ್ಲಿ ಬಿಸಿಲಿಗೆ ಹೊಳೆಯುವ ಬಿಳಿ ಕುರಿಮರಿ. ಅಷ್ಟು ಕಪ್ಪು, ಅಷ್ಟು ಬಿಳುಪು ಒಂದೇ ಚಿತ್ರದಲ್ಲಿ ಹಿಡಿಯುವುದೆಂದರೆ ಯಾವ ಸೆನ್ಸರಿಗೂ ಬೆವರು ಬರಬೇಕು.

ಆದರೆ ಕೆಂಚಮ್ಮ ಒಪ್ಪಲಿಲ್ಲ. "ಬ್ಯಾಡವ್ವ. ಓಟಿನ ಕಾರ್ಡಿಗೆ ಅಂತ ಒಂದ್ಸಲ ತೆಗೆದಿದ್ರು. ಅದ್ರಾಗೆ ಬರೀ ಹಲ್ಲು ಕಾಣ್ತಾವೆ. ಮಕನೇ ಇಲ್ಲ. ಮೊಮ್ಮಕ್ಳು ನಗಾಡ್ತಾವೆ."

ಹಾಲಕ್ಕ ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತು ತನ್ನ ತೋಳನ್ನು ಅವಳ ತೋಳಿಗೆ ಹಚ್ಚಿ ತೋರಿಸಿದಳು. ಎರಡೂ ಒಂದೇ ಬಣ್ಣ. "ನನ್ನೂ ಹಂಗೇ ಮಾಡಿದ್ರು ಕಣವ್ವ. ಅದ್ಕೇ ಬಂದಿದೀನಿ. ಇವತ್ತು ಹಲ್ಲು ಬಿಟ್ಟು ಮಿಕ್ಕಿದ್ದೆಲ್ಲಾ ತೆಗಿತೀನಿ, ಕುಂತ್ಕ."

ಮುದುಕಿ ನಕ್ಕಳು, ಕೂತಳು. ಒಂದೇ ಸ್ಟ್ಯಾಂಡಿನ ಮೇಲೆ ಮೊದಲು ಅವಳ ಕ್ಯಾಮೆರಾ, ಆಮೇಲೆ ನನ್ನದು. ನಡುವೆ ಮರಿ ಎದ್ದು ಓಡಿತು. ಅದನ್ನು ಹಿಡಿಯಲು ಹಾಲಕ್ಕ ಸೀರೆ ಎತ್ತಿ ಕಟ್ಟಿ ರೊಪ್ಪದ ತುಂಬ ಓಡಿದಳು. ನಾನೂ ಓಡಿದೆ. ಕೆಂಚಮ್ಮ ಕೂತಲ್ಲಿಂದಲೇ ನಾಲಿಗೆ ಲೊಟಕಿಸಿದಳು, ಮರಿ ತಾನಾಗಿ ವಾಪಸ್ಸು ಬಂದು ಮಡಿಲಲ್ಲಿ ಮಲಗಿತು.

ಸೋಮವಾರ ಲ್ಯಾಬಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ರುದ್ರಮುನಿ ಎರಡೂ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಅಕ್ಕಪಕ್ಕ ತೆರೆದ. ಮೊದಲು ಬಿಸಿಲಿನಲ್ಲಿದ್ದ ಮರಿ. ಹಾಲಕ್ಕನ ಚಿತ್ರದಲ್ಲಿ ಉಣ್ಣೆಯ ಎಳೆ ಎಳೆಯೂ ಬಿಡಿಬಿಡಿಯಾಗಿತ್ತು. ನನ್ನದರಲ್ಲಿ ಅಷ್ಟಿರಲಿಲ್ಲ.

"ಎಣಿಸ್ಕಳ್ರೋ ಕೂದ್ಲ!" ಎಂದು ಅವಳು ಕುಣಿದೇಬಿಟ್ಟಳು. ಕೆಂಪು ಪಟ್ಟಿಯವರ ಶಿಳ್ಳೆ. ನನ್ನ ಕಿವಿ ಬಿಸಿಯಾಯಿತು.

"ಈಗ ನೆರಳು ಎತ್ತಾಣ," ಎಂದ ರುದ್ರಮುನಿ. ಕಪ್ಪಾಗಿದ್ದ ಭಾಗವನ್ನು ಕಂಪ್ಯೂಟರಿನಲ್ಲಿ ಮೆಲ್ಲಗೆ ಬೆಳಗಿಸುತ್ತ ಹೋದ. ಹಾಲಕ್ಕನ ಚಿತ್ರದಲ್ಲಿ ಕೆಂಚಮ್ಮನ ಕೆನ್ನೆಯ ಮೇಲೆ ಕೆಂಪು ನೀಲಿ ಗೆರೆಗಳು ಎದ್ದವು, ಲಂಗದ ಪಟ್ಟೆಗಳ ಹಾಗೆ. ನನ್ನದರಲ್ಲಿ ಕತ್ತಲೊಳಗಿಂದ ಕೆನ್ನೆ ಬಂತು. ಬೆಂದ ಇಟ್ಟಿಗೆಯ ಕಪ್ಪು ಕೆಂಪು ಬಣ್ಣ, ಒಂದೊಂದು ಸುಕ್ಕು, ಗದ್ದದ ಮೇಲೆ ಹಸಿರು ಹಚ್ಚೆಯ ಚುಕ್ಕಿಗಳು. ರೊಪ್ಪದ ಪಕ್ಕ ಎದುರಿಗೆ ಕೂತಿದ್ದಾಗಲೂ ಬಿಸಿಲಿಗೆ ಕಣ್ಣು ಕೋರೈಸಿ ನಮಗೆ ಆ ಹಚ್ಚೆ ಕಂಡಿರಲಿಲ್ಲ.

ಎಲ್ಲರೂ ಹಾಲಕ್ಕನನ್ನು ನೋಡುತ್ತಿದ್ದರು. ಅವಳು ಕುರ್ಚಿ ಎಳೆದುಕೊಂಡು ಮೂಗು ತಾಗುವಷ್ಟು ಹತ್ತಿರ ಕೂತಳು.

"ಇನ್ನೊಂಚೂರು ಎತ್ತು ರುದ್ರಣ್ಣ."

ಎತ್ತಿದ.

ಅವಳು ಮೇಜಿನ ಮೇಲೆ ಬಡಿದ ಪೆಟ್ಟಿಗೆ ಟೀ ಲೋಟ ಉರುಳಿತು. "ಸೋತೆ ಕಣ್ರೋ! ಬರ್ರಿ ಇಲ್ಲಿ, ನೋಡ್ರಿ! ಹಚ್ಚೆ ಕಾಣ್ತೈತೆ! ಏನ್ ಬಣ್ಣನಪ್ಪ ಅದು! ಲೇ ಮಂಜ, ಎಲ್ಲಿ ಬಚ್ಚಿಟ್ಟಿತ್ತೋ ನಿನ್ ಮಿಷಿನ್ನು ಇದನ್ನ?" ಗೆದ್ದವನು ನಾನು, ಕುಣಿದವಳು ಅವಳು. ನನ್ನ ಕುತ್ತಿಗೆಯಿಂದ ಹಳದಿ ಪಟ್ಟಿ ತಾನೇ ಬಿಚ್ಚಿ ತನ್ನ ಕ್ಯಾಮೆರಾಕ್ಕೆ ಕಟ್ಟಿಕೊಂಡಳು.

ಇಷ್ಟಕ್ಕೆ ಮುಗಿಯಿತು ಎಂದುಕೊಂಡಿದ್ದೆ. ಆ ವಾರ ಕಳೆಯುವುದರೊಳಗೆ ಹಿರೇಗುಂಟನೂರಿಗೆ ಒಬ್ಬಳೇ ಹೋಗಿ, ಬೆಳಕನ್ನು ಒಂದು ಹಂತ ಹೆಚ್ಚು ಬಿಟ್ಟು ಮತ್ತೆ ಅದೇ ಚಿತ್ರ ತೆಗೆದುಕೊಂಡು ಬಂದಳು. ಈ ಸಲ ಕೆನ್ನೆಯ ಗೆರೆಗಳು ಬಹಳಮಟ್ಟಿಗೆ ಅಡಗಿದ್ದವು, ಮರಿಯ ಬಿಳುಪು ಸುಟ್ಟುಹೋಗದೆ ಹೇಗೋ ಉಳಿದಿತ್ತು. "ನಿನ್ ಸೆನ್ಸರ್ ಗೆದ್ದೈತೆ, ಒಪ್ತೀನಿ. ನೀನು ಗೆದ್ದಿಲ್ಲ. ಹಿಡ್ಕ ಇದನ್ನ," ಎಂದು ಕ್ಯಾಮೆರಾ ನನ್ನ ಕೈಗೆ ಕೊಟ್ಟಳು. ಜಗಳ ಹೊಸದಾಗಿ ಶುರುವಾಯಿತು.

ಮಾತಿನಂತೆ ನನ್ನ ಚಿತ್ರವೇ ಗೋಡೆಗೆ ಏರಿತು. ಸಂತೆಗೆ ಬಂದಿದ್ದ ಕೆಂಚಮ್ಮನನ್ನು ಹಾಲಕ್ಕ ಕೈಹಿಡಿದು ಕರೆತಂದಳು. ಮುದುಕಿ ಕಂಬಳಿಯನ್ನು ತಲೆಯ ಮೇಲೆ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದಳು.

"ನಮ್ಮವ್ವ," ಎಂದಳು.

"ನಿಮ್ಮವ್ವ ಅಲ್ಲ ಅಜ್ಜಿ, ನೀನೇ," ಎಂದೆ.

"ನಾನು ಅಂತ ಗೊತ್ತು ಬಿಡಪ್ಪ. ನಮ್ಮವ್ವ ಹಿಂಗೇ ಇದ್ಲು. ಹಿಂಗೇ ಕುಂತ್ಕಳೋಳು. ಅವಳದೊಂದು ಫೋಟ ಇರಲಿಲ್ಲ." ಕೈ ಎತ್ತಿ ಚಿತ್ರದ ಗದ್ದ ಮುಟ್ಟಿ, ಬೆರಳನ್ನು ತುಟಿಗೆ ಒತ್ತಿಕೊಂಡಳು.

ಹಾಲಕ್ಕ ಪಕ್ಕದಲ್ಲೇ ನಿಂತಿದ್ದಳು. ಆವತ್ತು ಅವಳ ಕ್ಯಾಮೆರಾ ಅವಳ ಕುತ್ತಿಗೆಯಲ್ಲೇ ಉಳಿಯಿತು. ಆ ವರ್ಷವೆಲ್ಲ ನಮ್ಮ ಕಡೆಯ ಆಲ್ಬಮ್ಮುಗಳಲ್ಲಿ ಒಂದಿಷ್ಟು ಮದುಮಕ್ಕಳು ತಮ್ಮ ತಮ್ಮ ಬಣ್ಣದಲ್ಲೇ ಉಳಿದರು. ಎಲ್ಲರೂ ಅಲ್ಲ, ಒಂದಿಷ್ಟು ಜನ.

ಅವಳನ್ನು ಕೊನೆಯ ಸಲ ನೋಡಿದ್ದು ಹಿರಿಯೂರಿನ ಬಸ್ ಸ್ಟ್ಯಾಂಡಿನಲ್ಲಿ. ಇಬ್ಬರೂ ಬೇರೆ ಬೇರೆ ಮದುವೆ ಮುಗಿಸಿ ಬಂದಿದ್ದೆವು. ಮೂರನೆಯ ಕಂಪನಿಯೊಂದು ಇವೆರಡನ್ನೂ ಮೀರಿಸುವ ಸೆನ್ಸರ್ ಮಾಡಿದೆಯಂತೆ ಎಂದು ಯಾರೋ ಹೇಳಿದ್ದೇ ತಡ, ಅವಳ ಕಣ್ಣು ಬೆಳಗಿದವು.

"ತರ್ಸಾಣ ಕಣೋ. ಹೊಸದುರ್ಗದ ಗಾಳಿಗುಡ್ಡಕ್ಕೆ ಹೋಗಾಣ, ಸಂಜೆ ಮೋಡ ಇಟ್ಕಂಡು ನೋಡಾಣ. ನಿನ್ ಹಳದಿನೂ ಮಣ್ಣು ಮುಕ್ಕುಸ್ತೀನಿ, ನನ್ ಕೆಂಪೂ..." ಅಷ್ಟರಲ್ಲಿ ಕಂಡಕ್ಟರ್ ರೈಟ್ ಎಂದ. ಅವಳು ಓಡಿ ಹತ್ತಿದಳು. ಕಿಟಕಿಯಿಂದ ತಲೆ ಹಾಕಿ, ಕೈ ಬೀಸಿ ಇನ್ನೂ ಏನೋ ವಾದಿಸುತ್ತಿದ್ದಳು. ಬಸ್ಸಿನ ಸದ್ದಿಗೆ ಕೇಳಿಸಲಿಲ್ಲ.

ಆ ಮಳೆಗಾಲ ಮುಗಿಯುವ ಮುಂಚೆ ಎದೆನೋವೆಂದು ಕೂತವಳು ಮತ್ತೆ ಏಳಲಿಲ್ಲ.

ಮೂರನೆಯ ಕಂಪನಿಯ ಕ್ಯಾಮೆರಾ ಲ್ಯಾಬಿಗೆ ಬಂದದ್ದು ಅದಾದ ಮೇಲೆ. ಸೋಮವಾರ ಎಲ್ಲರೂ ಸೇರಿದ್ದೆವು. ರುದ್ರಮುನಿ ಡಬ್ಬ ಬಿಚ್ಚಿದ, ಒಂದೆರಡು ಚಿತ್ರ ತೆಗೆದು ಕಂಪ್ಯೂಟರಿಗೆ ಹಾಕಿದ, ನೆರಳು ಎತ್ತಿ ತೋರಿಸಿದ. ಚೆನ್ನಾಗಿದೆ ಎಂದ ಒಬ್ಬ. ಹೌದು, ಚೆನ್ನಾಗಿದೆ ಎಂದ ಇನ್ನೊಬ್ಬ. ನಾನೂ ಹಾಗೇ ಅಂದೆ. ಹಿಡ್ಕಳಪ್ಪ ಎಂದು ಯಾರೂ ಯಾರ ಕೈಗೂ ಕ್ಯಾಮೆರಾ ಕೊಡಲಿಲ್ಲ. ಟೀ ಕುಡಿದು, ನಮ್ಮ ನಮ್ಮ ಪ್ರಿಂಟು ಇಸಿದುಕೊಂಡು, ಬಸ್ಸಿನ ಹೊತ್ತಿಗಿಂತ ಮುಂಚೆಯೇ ಎದ್ದು ಬಂದೆವು.